ತುಂಬಿದ ಮೈಗೆ ಅಜ್ಜಿ ಕಾಲದ ಪಫ್ ತೋಳಿನ ರವಿಕೆ: ಹೊಲಿದವರ ಅನುಭವ

ಕೇಳಿದವರು:
ಅಜ್ಜಿಯ ಹಳೇ ಫೋಟೊದಲ್ಲಿರುವಂಥ ರವಿಕೆ ಹೊಲಿದುಕೊಳ್ಳಬೇಕು ಅಂತ ಬಹಳ ಆಸೆ. ಮೊಣಕೈಗಿಂತ ಸ್ವಲ್ಪ ಮೇಲೆ ನಿಲ್ಲುವ ಪಫ್ ತೋಳು, ಮೇಲಕ್ಕಿರುವ ಕೊರಳು, ಮುಂದೆ ಹುಕ್ಸ್. ನನ್ನ ಎದೆ ಅಳತೆ 48 ಇಂಚು, ತೋಳಿನ ಸುತ್ತಳತೆ 17. ಟೈಲರ್ ಹತ್ತಿರ ಹೋದರೆ "ನಿಮಗೆ ಪಫ್ ಬೇಡ ಮೇಡಂ, ಇನ್ನೂ ದಪ್ಪ ಕಾಣ್ತೀರ" ಅಂತಾರೆ. ಹೊಲಿಗೆ ನನಗೇ ಬರುತ್ತೆ. ಆದರೆ ಎದೆಗೆ ಸರಿ ಮಾಡಿದರೆ ಭುಜ ಜಾರುತ್ತೆ. ಏನು ಮಾಡೋದು?

ಮೈಸೂರಿನಿಂದ:
ಭುಜ ಜಾರೋದಕ್ಕೆ ಕಾರಣ ನಿಮ್ಮ ಮೈ ಅಲ್ಲ ಅಕ್ಕ, ಲೆಕ್ಕ. ಟೈಲರಿಂಗ್ ಕ್ಲಾಸಿನಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ ಎದೆ ಅಳತೆಯಿಂದಲೇ ಭಾಗಿಸಿ ತೆಗೆಯುತ್ತಾರೆ. ಕೊರಳಿನ ಅರ್ಧ ಅಗಲಕ್ಕೆ ಎದೆಯ 12ನೇ ಒಂದು ಭಾಗ. 36ಕ್ಕೆ 3 ಇಂಚು, ಸರಿ. 48ಕ್ಕೆ 4 ಆಗಿಬಿಡುತ್ತೆ. ಎದೆ ತುಂಬಿಕೊಂಡರೆ ಭುಜದ ಮೂಳೆ ಅಗಲ ಆಗಲ್ಲ, ಅಲ್ವಾ?

ಅದಕ್ಕೇ ಎರಡು ಅಳತೆ ತೆಗೆಯಿರಿ. ಕಂಕುಳ ಕೆಳಗೇ ಟೇಪು ಸುತ್ತಿ ಎದೆಯ ಮೇಲ್ಭಾಗದ್ದು ಒಂದು, ಎದೆ ತುಂಬಿರುವಲ್ಲಿ ಇನ್ನೊಂದು. ಮೇಲಿನದು 42 ಬಂತು ಅಂದುಕೊಳ್ಳಿ. ಕೊರಳು, ಭುಜ, ಆರ್ಮ್‌ಹೋಲ್ (ತೋಳು ಜೋಡಿಸುವ ಸುತ್ತು), ಬೆನ್ನು ಎಲ್ಲಾ 42ರ ಲೆಕ್ಕದಲ್ಲೇ ಹಾಕಿ. ಉಳಿದ 6 ಇಂಚು ಮುಂಭಾಗಕ್ಕೆ ಮಾತ್ರ, ಒಂದೊಂದು ಕಡೆಗೆ 3.

ಆ 3 ಇಂಚನ್ನು ಪಕ್ಕದ ಹೊಲಿಗೆಗೆ ಸೇರಿಸಬೇಡಿ. ಪೇಪರ್ ಕಟಿಂಗನ್ನು ಎದೆಯ ತುದಿ ಬರುವ ಜಾಗದಲ್ಲಿ ಸೀಳಿ ಅಗಲಿಸಿ. ಹೆಚ್ಚಿದ ಅಗಲವನ್ನು ಕೆಳಗಿನ, ಪಕ್ಕದ, ಕಂಕುಳ ಡಾಟ್‌ಗಳಿಗೆ (ಬಟ್ಟೆ ಮೈಗೆ ಕೂರಲು ಚೂಪಾಗಿ ಮಡಿಸಿ ಹೊಲಿಯುವ ಮಡಿಕೆ) ಹಂಚಿ. ಒಂದೇ ಡಾಟ್‌ಗೆ ಹಾಕಿದರೆ ಚೂಪಾಗಿ ಎದ್ದು ನಿಲ್ಲುತ್ತೆ. ಡಾಟ್ ಎದೆಯ ತುದಿಗಿಂತ ಒಂದೂವರೆ ಇಂಚು ಮೊದಲೇ ಮುಗಿಯಲಿ. ಹೀಗೆ ಸೀಳಿದಾಗ ಮುಂಭಾಗ ಉದ್ದವೂ ಆಗುತ್ತೆ. ಅದನ್ನು ಕತ್ತರಿಸಬೇಡಿ, ತುಂಬಿದ ಎದೆಗೆ ಆ ಉದ್ದ ಬೇಕೇ ಬೇಕು. ಇಲ್ಲದಿದ್ದರೆ ಕೆಳಪಟ್ಟಿ ಮೇಲಕ್ಕೆ ಹತ್ತುತ್ತೆ.

ಅಳತೆ ತೆಗೆಯುವಾಗ ರವಿಕೆಯ ಒಳಗೆ ಹಾಕುವ ಬ್ರಾನೇ ಹಾಕಿಕೊಂಡಿರಿ. ಬೇರೆ ಬ್ರಾ ಆದರೆ ಎದೆಯ ತುದಿ ಬರುವ ಜಾಗವೇ ಬದಲಾಗುತ್ತೆ.

ಹುಬ್ಬಳ್ಳಿಯಿಂದ:
ಪಫ್ ಬೇಡ ಅನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ನನ್ನ ತೋಳೂ ದಪ್ಪ. ಬಿಗಿ ತೋಳಿಗಿಂತ ಪಫ್‌ನಲ್ಲೇ ಕೈ ಆರಾಮಾಗಿ ಆಡುತ್ತೆ. ಪಫ್ ಎಲ್ಲಿ ಕೂರುತ್ತೆ ಅನ್ನೋದು ಮುಖ್ಯ. ಭುಜದ ಹೊಲಿಗೆಯನ್ನು ಅರ್ಧ ಇಂಚು ಒಳಕ್ಕೆ ತನ್ನಿ, ಆಗ ಪಫ್ ಭುಜದ ಮೂಳೆಯ ಮೇಲೆ ಕೂರುತ್ತೆ. ಹೊರಗೆ ಜಾರಿದರೆ ಮಾತ್ರ ಮೈ ಅಗಲ ಕಾಣೋದು. ನೆರಿಗೆ ಭುಜದ ಮೇಲಿನ ನಾಲ್ಕೈದು ಇಂಚಿನಲ್ಲಷ್ಟೇ ಇರಲಿ, ಕಂಕುಳ ತನಕ ತರಬೇಡಿ. ತೋಳಿನ ಪಟ್ಟಿಗೆ 18 ಇಂಚು ಇಡಿ. ಎದೆಯ ನೇರಕ್ಕೆ ತೋಳು ಮುಗಿಸಬೇಡಿ, ನೋಡುವವರ ಕಣ್ಣು ಅಲ್ಲೇ ಅಡ್ಡಕ್ಕೆ ಹೋಗುತ್ತೆ. ನೀವು ಹೇಳಿದ ಮೊಣಕೈ ಮೇಲಿನ ಉದ್ದವೇ ಚೆಂದ. ಪಫ್ ಒಳಗೆ ಕ್ಯಾನ್ವಾಸ್ (ಗಟ್ಟಿಯಾಗಿ ನಿಲ್ಲಲು ಇಡುವ ದಪ್ಪ ಬಟ್ಟೆ) ಬೇಡ.

ಶಿವಮೊಗ್ಗದಿಂದ:
ಬಟ್ಟೆ ಬಗ್ಗೆ ಯಾರೂ ಹೇಳಿಲ್ಲ. ಸೀರೆ ಜೊತೆ ಬರುವ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್. ಈ ಅಳತೆಗೆ, ಅದೂ ಪಫ್ ತೋಳಿಗೆ ಸಾಲಲ್ಲ. ಟು ಬೈ ಟು ರುಬಿಯಾ (ರವಿಕೆಗೆ ಬಳಸುವ ತೆಳು ಹತ್ತಿ ಬಟ್ಟೆ) ಒಂದೂಕಾಲು ಮೀಟರ್ ತನ್ನಿ, ನೀರಿನಲ್ಲಿ ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಿ. ಸೀರೆ ಪೀಸಿನಲ್ಲೇ ಹೊಲಿಯಬೇಕು ಅಂದರೆ ಸೆರಗಿನ ಅಡಿ ಹೋಗುವ ಎಡ ಮುಂಭಾಗದಲ್ಲಿ ತುಂಡು ಜೋಡಿಸಿ, ಗೊತ್ತೇ ಆಗಲ್ಲ. ಮೊದಲು ಹಳೇ ಪಂಚೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ನೋಡುವುದು ಒಳ್ಳೇದು.

ಬೆಂಗಳೂರಿನಿಂದ:
ನಾನಾಗಿದ್ದರೆ ಪ್ರಿನ್ಸೆಸ್ ಕಟ್ (ಡಾಟ್ ಬದಲು ಎದೆಯ ಮೇಲೆ ಹಾದುಹೋಗುವ ಉದ್ದ ಹೊಲಿಗೆ) ಮಾಡುತ್ತಿದ್ದೆ. ದೊಡ್ಡ ಎದೆಗೆ ಅಷ್ಟು ನಯವಾಗಿ ಡಾಟ್ ಕೂರಲ್ಲ.

ಮೈಸೂರಿನಿಂದ:
ನಿಜ, ನಯವಾಗಿ ಕೂರುತ್ತೆ. ಆದರೆ ಇವರಿಗೆ ಬೇಕಾಗಿರೋದು ಅಜ್ಜಿಯ ರವಿಕೆ. ಡಾಟ್ ತೆಗೆದರೆ ಆ ಕಳೆಯೇ ಹೋಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಕೇಳಿದವರು:
ಎಲ್ಲರಿಗೂ ಬಹಳ ಥ್ಯಾಂಕ್ಸ್. ಡಾಟ್‌ನಲ್ಲೇ ಮಾಡುತ್ತೇನೆ. ಇನ್ನೊಂದು ಪ್ರಶ್ನೆ. ಕೈ ಎತ್ತಿದರೆ ರವಿಕೆ ಪೂರ್ತಿ ಮೇಲೆ ಬರುತ್ತೆ. ಆರ್ಮ್‌ಹೋಲ್ ಇನ್ನಷ್ಟು ಆಳ ಮಾಡಲಾ?

ಹುಬ್ಬಳ್ಳಿಯಿಂದ:
ಬೇಡ ರೀ! ಆಳ ಮಾಡಿದಷ್ಟೂ ಜಾಸ್ತಿ ಎಳೆಯುತ್ತೆ. ಆರ್ಮ್‌ಹೋಲ್ ಕಂಕುಳ ಹತ್ತಿರವೇ ಇರಲಿ. ಬಿಗಿ ಅನ್ನಿಸಿದರೆ ಕಂಕುಳಲ್ಲಿ 3 ಇಂಚಿನ ಚೌಕ ತುಂಡು ಕೊಡಿ, ಬಟ್ಟೆಯನ್ನು ಓರೆಯಾಗಿ ಕತ್ತರಿಸಿ. ಹಳೇ ಕಾಲದ ಹೊಲಿಗೆಯಲ್ಲಿ ಇದು ಇತ್ತು. ಪಕ್ಕದಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಟ್ಟಿರಿ, ಮುಂದೆ ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಲು ಬರುತ್ತೆ.