ಸಹಾಯ ಬೇಕು: ಜೂಲಿಯೆಟ್‌ಳದ್ದು ಹುಡುಗುತನವಾ?

ಎಲ್ಲರಿಗೂ ನಮಸ್ಕಾರ. ಬಿ.ಎ. ತರಗತಿಗೆ ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಎರಡು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಹುಡುಗು ಬುದ್ಧಿ, ದುಡುಕಿನ ಪ್ರೀತಿಯೇ ದುರಂತಕ್ಕೆ ಕಾರಣ ಎಂದು ಶುರು ಮಾಡಿದ್ದೆ. ರೋಮಿಯೋ ಮಟ್ಟಿಗೆ ಇದು ಸುಲಭ. ಬೆಳಿಗ್ಗೆ ರೋಸಲಿನ್ ಎಂಬ ಹುಡುಗಿಗಾಗಿ ಕೊರಗು, ರಾತ್ರಿ ಜೂಲಿಯೆಟ್, ಮರುದಿನವೇ ಮದುವೆ. ಪಾದ್ರಿ ಲಾರೆನ್ಸ್ ಕೂಡ ಅವನನ್ನು ಗದರಿಸುತ್ತಾನೆ.

ಆದರೆ ಜೂಲಿಯೆಟ್? ಅವಳಿಗೆ ಇನ್ನೂ 14 ತುಂಬಿಲ್ಲ. ಆದರೂ ಬಾಲ್ಕನಿ ದೃಶ್ಯದಲ್ಲಿ, ಇದು ಮಿಂಚಿನ ಹಾಗೆ ತೀರಾ ಅವಸರವಾಯಿತು ಎಂದು ಹೆದರುವವಳು ಅವಳೇ. ಸ್ವಲ್ಪ ಹೊತ್ತಿನಲ್ಲೇ ಮದುವೆಯ ಮಾತು ಎತ್ತುವವಳೂ ಅವಳೇ! ಮೂಲವನ್ನು ಮೂರು ಸಲ ಓದಿದೆ. ಗೈಡ್‌ನಲ್ಲಿ ಸುಮ್ನೆ ‘ಅಪ್ರಬುದ್ಧ ಪ್ರೇಮ’ ಅಂತ ಬರೆದು ಬಿಟ್ಟಿದ್ದಾರೆ. ಮೇಷ್ಟ್ರು, ನೀನೇ ಯೋಚಿಸು ಎಂದರು. ಜೂಲಿಯೆಟ್‌ಳ ಅಪ್ಪ ಪ್ಯಾರಿಸ್ ಎಂಬ ಕುಲೀನನ ಜೊತೆ ಮದುವೆಗೆ ಒತ್ತಾಯಿಸಿದ್ದು, ಪ್ಲೇಗಿನ ಭಯದಿಂದ ಪಾದ್ರಿಯ ಪತ್ರ ರೋಮಿಯೋಗೆ ತಲುಪದೇ ಹೋದದ್ದು, ಇವೆಲ್ಲ ಆ ಮಕ್ಕಳ ತಪ್ಪಲ್ಲ ಅಲ್ವಾ? ಓದುವಾಗೆಲ್ಲ ಅವಳ ಮೇಲೆ ತುಂಬಾ ಮರುಕ ಬರುತ್ತದೆ.

ಅಪಾಯ ಗೊತ್ತಿದ್ದೂ ಅವಳು ಮುಂದೆ ಹೋದದ್ದನ್ನು ಹುಡುಗುತನ ಎನ್ನಬೇಕಾ, ಧೈರ್ಯ ಎನ್ನಬೇಕಾ? ನಿಮ್ಮ ಉತ್ತರಕ್ಕೆ ಯಾವ ಅಂಕದ ಯಾವ ಮಾತು ಆಧಾರ ಎಂದು ದಯವಿಟ್ಟು ತಿಳಿಸಿ.