ಗೊಂಗ್ ವಾಂಗ್‌ಫು: ಅರಮನೆಯೋ, ವಾಡೆಯೋ?

ಬಳಗದವರಿಗೆ ನಮಸ್ಕಾರ.

ಬೀಜಿಂಗಿನ ಗೊಂಗ್ ವಾಂಗ್‌ಫು, ಅಂದರೆ ಗೊಂಗ್ ರಾಜಕುಮಾರನ ಹಳೆಯ ನಿವಾಸ, ನೋಡಿ ಬಂದೆ. ಅದರ ಬಗ್ಗೆ ನಾಲ್ಕು ಪುಟ ಬರೆಯೋಣ ಅಂತ ಕೂತರೆ ಮೊದಲ ಸಾಲಿನಲ್ಲೇ ತಡವರಿಸಿದೆ. ಈ 'ಫು'ಗೆ ಕನ್ನಡದಲ್ಲಿ ಏನನ್ನೋಣ?

ಸುಮ್ನೆ 'ಅರಮನೆ' ಅಂತ ಬರೆದೆ, ಆಮೇಲೆ ಹೊಡೆದು ಹಾಕಿದೆ. ಚೀನೀಯರಲ್ಲಿ ಚಕ್ರವರ್ತಿ ಇರುವ ಜಾಗ 'ಗೊಂಗ್' (ಹೆಸರಿನಲ್ಲಿರುವ ಗೊಂಗ್ ಬೇರೆ, ಅಕ್ಷರವೇ ಬೇರೆ). ರಾಜವಂಶದ ಉಳಿದವರು, ದೊಡ್ಡ ಅಧಿಕಾರಿಗಳು ಇರುವುದು 'ಫು'. ಹೆಂಚು ನೋಡಿದರೂ ತಿಳಿಯುತ್ತದೆ: ಚಕ್ರವರ್ತಿಯ ಸೂರಿಗೆ ಹಳದಿ, ಇಲ್ಲಿನ ಮುಖ್ಯ ಸಭಾಂಗಣಕ್ಕೆ ಹಸಿರು.

ಇದನ್ನು 18ನೇ ಶತಮಾನದಲ್ಲಿ ಕಟ್ಟಿಸಿದವನು ಹೆಶೆನ್, ಚಿಯನ್‌ಲಾಂಗ್ ಚಕ್ರವರ್ತಿಯ ನೆಚ್ಚಿನ ಮಂತ್ರಿ. 1799ರಲ್ಲಿ ಚಿಯನ್‌ಲಾಂಗ್ ತೀರಿಕೊಂಡದ್ದೇ ತಡ, ಮಗ ಜಿಯಾಚಿಂಗ್ ಇವನ ಮೇಲೆ 20 ಆರೋಪ ಹೊರಿಸಿ ನೇಣು ಹಾಕಿಕೊಳ್ಳುವಂತೆ ಮಾಡಿದ. ಒಂದು ಆರೋಪ ಏನು ಗೊತ್ತಾ? ನಾನ್‌ಮು ಅನ್ನುವ ಬೆಲೆಬಾಳುವ ಮರದಲ್ಲಿ, ಚಕ್ರವರ್ತಿಯ ಅರಮನೆಯದೇ ಮಾದರಿಯಲ್ಲಿ, ಮನೆಯೊಳಗೆ ಅಡ್ಡಗೋಡೆ ಮಾಡಿಸಿದ್ದು! ಆ ಕೋಣೆ ಈಗಲೂ ಇದೆ. ಇದನ್ನು ನಾನೂ 'ಅರಮನೆ' ಅಂದರೆ ಜಿಯಾಚಿಂಗನ ಪರ ಸಾಕ್ಷಿ ಹೇಳಿದಂತಾಗುತ್ತದೆ, ಅಲ್ವಾ?

ಹಾಗಾಗಿ 'ವಾಡೆ' ಅಂತಿದ್ದೇನೆ. ಉತ್ತರ ಕರ್ನಾಟಕದ ದೇಸಾಯರ ವಾಡೆ ನೋಡಿದವರಿಗೆ ಹೆಬ್ಬಾಗಿಲು, ಚೌಕದ ಹಿಂದೆ ಚೌಕ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಒಂದೇ ಅಳುಕು: ವಾಡೆ ಅಂದರೆ ಮನೆತನದ ಆಸ್ತಿ. ಫು ಹಾಗಲ್ಲ, ಕೊಟ್ಟ ದೊರೆಯೇ ಕಿತ್ತುಕೊಳ್ಳಬಹುದು. ಇದೂ ಕೈ ಬದಲಾಯಿಸುತ್ತಾ ಕೊನೆಗೆ ಷಿಯನ್‌ಫಂಗ್ ಚಕ್ರವರ್ತಿಯ ತಮ್ಮ ಯಿಷಿನ್‌ಗೆ ಬಂತು. 'ಗೊಂಗ್' ಅವನ ಬಿರುದು. 'ತೊಟ್ಟಿ ಮನೆ' ಮಾತ್ರ ಬೇಡ. ನಮ್ಮ ತೊಟ್ಟಿಗೆ ನಾಲ್ಕೂ ಕಡೆಯಿಂದ ಒಂದೇ ಸೂರು ಇಳಿಯುತ್ತದೆ. ಅಲ್ಲಿ ಅಂಗಳದ ಸುತ್ತ ನಾಲ್ಕು ಬೇರೆ ಬೇರೆ ಕಟ್ಟಡ.

ಇನ್ನೊಂದು ಪದ ತಾನಾಗಿಯೇ ಸಿಕ್ಕಿತು. ಹಿಂಬದಿಯಲ್ಲಿ 150 ಮೀಟರಿಗೂ ಜಾಸ್ತಿ ಉದ್ದದ ಎರಡಂತಸ್ತಿನ ಕಟ್ಟಡವಿದೆ. ಅದಕ್ಕೆ 'ತೊಂಬತ್ತೊಂಬತ್ತೂವರೆ ಕೋಣೆ' ಅಂತ ಹೆಸರು. ಅರ್ಧ ಕೋಣೆ ಎಂಥದು ಅಂತ ತಲೆ ಕೆರೆದುಕೊಂಡೆ. ಚೀನೀ ಪದ 'ಜಿಯೆನ್'. ಕೋಣೆ ಅಂತಲೂ ಹೌದು, ಕಂಬಗಳ ನಡುವಿನ ಜಾಗದ ಲೆಕ್ಕವೂ ಹೌದು. ಅದೇ ನಮ್ಮ 'ಅಂಕಣ'! ಪತ್ರಿಕೆಗೆ ಹೋಗಿ ಕೂರುವ ಮೊದಲು ಆ ಪದ ಇದ್ದದ್ದು ಮನೆಯಲ್ಲೇ. 'ಐದಂಕಣದ ಮನೆ' ಅಂತ ಹಳ್ಳಿಯಲ್ಲಿ ಈಗಲೂ ಅಳೆಯುತ್ತಾರೆ. ತೊಂಬತ್ತೊಂಬತ್ತೂವರೆ ಅಂಕಣ ಅಂದರೆ ಓದುಗರಿಗೆ ತಿಳಿದೀತೇ?

ತೋಟದ್ದು ಬೇರೆಯೇ ಪೇಚು. ಅಲ್ಲಿನ ಕೊಳ ಬಾವಲಿ ಆಕಾರದ್ದು. ಸೂರಿನ ಕೆಳಗಿನ ಚಿತ್ರಗಳಲ್ಲೂ ಬಾವಲಿಗಳೇ. ಬಾವಲಿಗೂ 'ಫು', ಭಾಗ್ಯಕ್ಕೂ 'ಫು' (ಮನೆಯ ಹೆಸರಿನ ಫು ಬೇರೆ), ಅದಕ್ಕೇ ಈ ಅಕ್ಕರೆ. ಕೃತಕ ಬೆಟ್ಟದ ಗುಹೆಯೊಳಗೆ ಕಾಂಗ್‌ಷಿ ಚಕ್ರವರ್ತಿಯ ಕೈಬರಹದಲ್ಲಿ ಭಾಗ್ಯದ 'ಫು' ಕೆತ್ತಿದ ಕಲ್ಲು ಇದೆ. ನೋಡಲು ಬಗ್ಗಿಕೊಂಡು ಸಾಲಿನಲ್ಲಿ ನಿಂತಿದ್ದೆ. ಕೊಳದ ದಡದಲ್ಲಿ ಎಲ್ಮ್ ಮರಗಳಿವೆ. ನಮ್ಮ ತಪಸಿ ಮರದ ಬೀಜದಂತೆಯೇ ಚಪ್ಪಟೆ ಬೀಜ, ಅವರ ಕಣ್ಣಿಗೆ ಅದು ಕಾಸು. ಕಾಸು ನೀರಿಗೆ ಉದುರಿದರೆ ಮನೆಗೆ ಲಾಭ!

ನಮಗೋ ಬಾವಲಿ ಅಂದರೆ ಹಾಳುಗುಡಿ. 'ಬಾವಲಿ ಕೊಳ' ಅಂದರೆ ಭಾಗ್ಯ ಹೋಗುತ್ತದೆ, 'ಭಾಗ್ಯದ ಕೊಳ' ಅಂದರೆ ಬಾವಲಿ ಹಾರಿಹೋಗುತ್ತದೆ. ಎರಡನ್ನೂ ಹಿಡಿಯುವ ಪದ ಯಾರಿಗಾದರೂ ಹೊಳೆದರೆ ಹೇಳಿ. ಧಾರವಾಡ, ವಿಜಯಪುರದ ಕಡೆಯವರು 'ವಾಡೆ' ಬಗ್ಗೆಯೂ ಒಂದು ಮಾತು ಬರೆಯಿರಿ.