ಏಳನೆಯ ಪೀಳಿಗೆಯ ಲ್ಯಾಪ್‌ಟಾಪ್: ವಿಂಡೋಸ್ 10ರ ನಂತರ ಯಾವುದು, ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಏನು ಮಾಡುವುದು?

ಪ್ರಶ್ನೆ (ಸಾಗರದಿಂದ)

ನಮ್ಮ ಊರಿನ ಸಾಹಿತ್ಯ ಸಂಘದ ತ್ರೈಮಾಸಿಕ ಪತ್ರಿಕೆಯ ಅಕ್ಷರಜೋಡಣೆಯನ್ನೂ ಪುಟವಿನ್ಯಾಸವನ್ನೂ ಅನೇಕ ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಅದಕ್ಕೆ ಬಳಸುತ್ತಿರುವುದು 2017ರಲ್ಲಿ ಕೊಂಡ ಲ್ಯಾಪ್‌ಟಾಪ್. ಅದರಲ್ಲಿ ಇಂಟೆಲ್‌ನ ಏಳನೆಯ ಪೀಳಿಗೆಯ ಕೋರ್ ಐ5-7200ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇದ್ದು, ವಿಂಡೋಸ್ 10 ಹೋಮ್ 22ಎಚ್2 ಆವೃತ್ತಿ ನಡೆಯುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತೆಂಬ ಸೂಚನೆ ಪರದೆಯ ಮೇಲೆ ಬಂದ ಮೇಲೆ ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟ್‌ನ ತಪಾಸಣಾ ತಂತ್ರಾಂಶವನ್ನು ಓಡಿಸಿ ನೋಡಿದೆ. ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳೆರಡೂ ಇವೆ, ಆದರೆ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹವಲ್ಲ ಎಂದು ಅದು ಹೇಳುತ್ತದೆ.

ಯಂತ್ರ ಆರಂಭವಾಗಿ ಕೆಲಸಕ್ಕೆ ಸಿದ್ಧವಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಬಿಟ್ಟರೆ ಅದರಲ್ಲಿ ಬೇರೆ ದೋಷವಿಲ್ಲ. ಕೀಲಿಮಣೆ, ಪರದೆ ಎರಡೂ ಚೆನ್ನಾಗಿವೆ. ಹೊಸದನ್ನು ಕೊಳ್ಳುವಷ್ಟು ಹಣ ಸಂಘದಲ್ಲಿ ಇಲ್ಲ. ನನ್ನ ದೊಡ್ಡ ಚಿಂತೆ ಬೇರೆಯೇ ಇದೆ: ಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲ ಪೇಜ್‌ಮೇಕರ್ 7 ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ, ನುಡಿಯ ಹಳೆಯ ಫಾಂಟುಗಳಲ್ಲಿ ಇವೆ. ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸಿದರೆ ಅವು ತೆರೆಯುತ್ತವೆಯೇ? ವಿಂಡೋಸ್ 11ನ್ನು ಹೇಗಾದರೂ ಹಾಕಿಸಬೇಕೇ, ಲಿನಕ್ಸ್ ಎಂಬ ಉಚಿತ ವ್ಯವಸ್ಥೆಗೆ ಹೋಗಬೇಕೇ, ಅಥವಾ ಇದ್ದಂತೆಯೇ ಮುಂದುವರಿಯಬಹುದೇ? ತಿಳಿದವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಲ್ಯಾಪ್‌ಟಾಪ್ ದುರಸ್ತಿ ಮಾಡುವವರು, ದಾವಣಗೆರೆ)

ಮೊದಲು ನಿಧಾನಗತಿಯ ವಿಷಯ. ನಿಮ್ಮ ಯಂತ್ರ ಎಳೆಯುತ್ತಿರುವುದಕ್ಕೆ ಕಾರಣ ಪ್ರೊಸೆಸರ್ ಅಲ್ಲ, ವಿಂಡೋಸ್ 10 ಕೂಡ ಅಲ್ಲ. ತಿರುಗುವ ತಟ್ಟೆಯ ಆ ಹಾರ್ಡ್ ಡಿಸ್ಕ್. ಅಂಥ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಅದೇ ಜಾಗದಲ್ಲಿ ಕೂರುವ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) 500 ಎಂಬಿಯಷ್ಟು ಓದುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಆರಂಭವಾಗುವಾಗ ವಿಂಡೋಸ್ ಡಿಸ್ಕಿನ ಮೂಲೆಮೂಲೆಯಿಂದ ಸಣ್ಣ ಸಣ್ಣ ಕಡತಗಳನ್ನು ಹೆಕ್ಕಿ ತರಬೇಕಾಗುತ್ತದೆ. ತಟ್ಟೆ ತಿರುಗಿ, ಓದುವ ಕಡ್ಡಿ ಆ ಜಾಗಕ್ಕೆ ಸರಿಯುವವರೆಗೆ ಕಾಯುವ ಕೆಲಸ ಎಸ್‌ಎಸ್‌ಡಿಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಯಾವ ವ್ಯವಸ್ಥೆಯನ್ನು ಆರಿಸಿಕೊಂಡರೂ ಮೊದಲು ಡಿಸ್ಕನ್ನು ಬದಲಿಸಿ. 2.5 ಇಂಚಿನ, 7 ಮಿಮೀ ದಪ್ಪದ ಎಸ್‌ಎಸ್‌ಡಿ ಆ ಕಾಲದ ಬಹುತೇಕ ಯಂತ್ರಗಳಿಗೆ ಹೊಂದುತ್ತದೆ. ಕೆಲವು ಮಾದರಿಗಳಲ್ಲಿ ಎಂ.2 ಕಿಂಡಿಯೂ ಇರುತ್ತದೆ, ಆದರೆ ಅದು ಸಾಟಾ ಬಗೆಯದೋ ಎನ್‌ವಿಎಂಇ ಬಗೆಯದೋ ಎಂದು ನೋಡಿಯೇ ಕೊಳ್ಳಬೇಕು. ವಿಂಡೋಸ್‌ನ ಡಿಜಿಟಲ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಹೊಸ ಡಿಸ್ಕಿನಲ್ಲಿ ಅದೇ ಆವೃತ್ತಿಯನ್ನು ಹೊಸದಾಗಿ ಹಾಕಿದರೂ ಅಂತರ್ಜಾಲಕ್ಕೆ ಸೇರಿಸಿದೊಡನೆ ಅದು ತಾನಾಗಿಯೇ ಸಕ್ರಿಯವಾಗುತ್ತದೆ.

ಇನ್ನು ವಿಂಡೋಸ್ 11. ಇಂಟೆಲ್‌ನಲ್ಲಿ ಎಂಟನೆಯ ಪೀಳಿಗೆಯಿಂದ ಮೇಲಿನ ಪ್ರೊಸೆಸರ್‌ಗಳಿಗೆ ಮಾತ್ರ ಮೈಕ್ರೋಸಾಫ್ಟ್ ಒಪ್ಪಿಗೆ ಕೊಟ್ಟಿದೆ. 2021ರ ಆಗಸ್ಟ್‌ನಲ್ಲಿ ಏಳನೆಯ ಪೀಳಿಗೆಯನ್ನು ಮರುಪರಿಶೀಲಿಸಿದಾಗಲೂ ಕೋರ್ ಎಕ್ಸ್ ಸರಣಿ, ಜಿಯಾನ್ ಡಬ್ಲ್ಯು ಸರಣಿ ಮತ್ತು ಕೆಲವೇ ಯಂತ್ರಗಳಲ್ಲಿದ್ದ 7820ಎಚ್‌ಕ್ಯೂ ಮಾತ್ರ ಪಟ್ಟಿಗೆ ಸೇರಿದವು. ನಿಮ್ಮ 7200ಯು ಅಲ್ಲಿಲ್ಲ, ಇನ್ನು ಸೇರುವ ಲಕ್ಷಣವೂ ಇಲ್ಲ.

ಹಾಗೆಂದು ತಿದ್ದುಪಡಿಗಳಿಲ್ಲದೆ ಇದ್ದಂತೆಯೇ ಮುಂದುವರಿಯುವುದನ್ನು ನಾನು ಒಪ್ಪುವುದಿಲ್ಲ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದಾಗ ಅದು ಬಳಸಿಕೊಂಡ ದೋಷಕ್ಕೆ ತಿದ್ದುಪಡಿ ಆ ವರ್ಷದ ಮಾರ್ಚ್‌ನಲ್ಲಿಯೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳೇ ಕಡತಗಳನ್ನು ಕಳೆದುಕೊಂಡವು. ನಿಮ್ಮ ಬಳಿ ಇರುವುದು ಮತ್ತೆ ಸೃಷ್ಟಿಸಲಾಗದ ಹಳೆಯ ಸಂಚಿಕೆಗಳು. ಸದ್ಯಕ್ಕೆ ಒಂದು ಒಳ್ಳೆಯ ವ್ಯವಸ್ಥೆ ಇದೆ: ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ವಿಸ್ತೃತ ಭದ್ರತಾ ತಿದ್ದುಪಡಿಗಳಿಗೆ, ಅಂದರೆ ಇಎಸ್‌ಯುಗೆ, ಹೆಸರು ನೋಂದಾಯಿಸಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದು ಸೆಟ್ಟಿಂಗ್ಸ್‌ನ ಬ್ಯಾಕಪ್ಪನ್ನು ಆ ಖಾತೆಗೆ ಜೋಡಿಸಿದರೆ ಹಣ ಕೊಡಬೇಕಾಗಿಲ್ಲ. ಆಗ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳು ಬರುತ್ತವೆ. ಹೊಸ ಸೌಲಭ್ಯಗಳು ಬರುವುದಿಲ್ಲ, ನಿಮಗೆ ಅವು ಬೇಕಾಗಿಯೂ ಇಲ್ಲ. ಆ ಅವಧಿಯನ್ನು ಕಡತಗಳ ಕೆಲಸಕ್ಕೆ ಬಳಸಿಕೊಳ್ಳಿ ಎಂಬುದೇ ನನ್ನ ಸಲಹೆ.

ಉತ್ತರ 2 (ಪುಸ್ತಕ ವಿನ್ಯಾಸಕರು, ಬೆಂಗಳೂರು)

ಕಡತಗಳ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡನ್ನು ಅದು ಅರಿಯದು. ಅದೇ ವರ್ಷ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಫಾಂಟ್ ಬಂದು ಕನ್ನಡವನ್ನು ಯೂನಿಕೋಡ್‌ನಲ್ಲಿ ಬರೆಯುವ ದಾರಿ ತೆರೆದಿತ್ತಾದರೂ, ನಮ್ಮ ಮುದ್ರಣಾಲಯಗಳೆಲ್ಲ ಪೇಜ್‌ಮೇಕರ್ ಮತ್ತು ನುಡಿ, ಶ್ರೀಲಿಪಿ, ಬರಹದಂಥ ಹಳೆಯ ಫಾಂಟುಗಳಿಗೇ ಅಂಟಿಕೊಂಡವು. ಆ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರವನ್ನು ಕೂರಿಸಲಾಗಿದೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ. ಆದ್ದರಿಂದ ನಿಮ್ಮ ಕಡತಗಳು ಬದುಕಿರುವುದು ವಿಂಡೋಸ್ 10ರ ಬಲದಿಂದಲ್ಲ, ಆ ಫಾಂಟು ಮತ್ತು ಪೇಜ್‌ಮೇಕರ್ ಎರಡರ ಬಲದಿಂದ. ವಿಂಡೋಸ್ 11ಕ್ಕೆ ಹೋದರೂ ಈ ಅವಲಂಬನೆ ತಪ್ಪುವುದಿಲ್ಲ. ಇನ್ನೊಂದಿಷ್ಟು ವರ್ಷ ಮುಂದಕ್ಕೆ ಹೋಗುತ್ತದೆ ಅಷ್ಟೆ.

ಮೊದಲು ಮಾಡಬೇಕಾದದ್ದು, ಪ್ರತಿಯೊಂದು ಸಂಚಿಕೆಯನ್ನೂ ಫಾಂಟುಗಳು ಒಳಗೇ ಸೇರಿರುವಂತೆ ಪಿಡಿಎಫ್ ಮಾಡಿಡುವುದು. ಅದರಿಂದ ಪುಟದ ರೂಪ ಉಳಿಯುತ್ತದೆ. ಎರಡನೆಯದು ಪಠ್ಯವನ್ನು ಹೊರತೆಗೆದು ಯೂನಿಕೋಡ್‌ಗೆ ಪರಿವರ್ತಿಸುವುದು. ಅದರಿಂದ ಬರೆಹ ಹುಡುಕಲು, ತಿದ್ದಲು, ಮರುಮುದ್ರಿಸಲು ಸಿಗುತ್ತದೆ. ಎರಡೂ ಬೇಕು. ಪಿಡಿಎಫ್ ಒಂದೇ ಇದ್ದರೆ ಅದರೊಳಗಿನ ಪಠ್ಯವನ್ನು ನಕಲು ಮಾಡಿದಾಗ ಮತ್ತೆ ಅದೇ ಲ್ಯಾಟಿನ್ ಗೋಜಲು ಬರುತ್ತದೆ.

ಪರಿವರ್ತಕಗಳು ಈಗ ಸಾಕಷ್ಟಿವೆ ಮತ್ತು ಬಹುಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡುತ್ತವೆ. ಆದರೂ ಕೆಲವು ಕಡೆ ಕಣ್ಣಿಟ್ಟು ನೋಡಬೇಕು. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಆದ್ದರಿಂದ ‘ಸೂರ್ಯ’, ‘ಧರ್ಮ’, ‘ಕಾರ್ಯದರ್ಶಿ’ಯಂಥ ಪದಗಳನ್ನು ಹುಡುಕಿ ಪರೀಕ್ಷಿಸಿ. ಎರಡೆರಡು ಒತ್ತಕ್ಷರಗಳಿರುವ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳನ್ನೂ ನೋಡಿ. ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ ಇನ್ನೂ ಎಚ್ಚರ ಬೇಕು: ಬರಿಯ ಪಠ್ಯವಾಗಿ ಪರಿವರ್ತಿಸುವಾಗ ಯಾವುದು ಯಾವ ಫಾಂಟಿನಲ್ಲಿತ್ತೆಂಬ ಮಾಹಿತಿ ಅಳಿಸಿಹೋಗುವುದರಿಂದ, ಆ ಇಂಗ್ಲಿಷ್ ಪದಗಳೂ ಕನ್ನಡವೆಂದೇ ಪರಿವರ್ತನೆಯಾಗಿ ಗುರುತೇ ಸಿಗದಂತಾಗುತ್ತವೆ. ಮುದ್ರಿತ ಸಂಚಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಕರಡು ತಿದ್ದುವುದನ್ನು ಬಿಟ್ಟರೆ ಇದಕ್ಕೆ ಬೇರೆ ಉಪಾಯವಿಲ್ಲ. ಸಂಘದಲ್ಲಿ ಕರಡು ತಿದ್ದಬಲ್ಲವರು ಖಂಡಿತ ಇರುತ್ತಾರೆ. ಅವರಿಗೆ ಸಂಚಿಕೆಗಳನ್ನು ಹಂಚಿಕೊಡಿ.

ಹೊಸ ಸಂಚಿಕೆಗಳನ್ನು ಮಾತ್ರ ದಯವಿಟ್ಟು ಇಂದಿನಿಂದಲೇ ಯೂನಿಕೋಡ್‌ನಲ್ಲಿ ಮಾಡಿ. ಹಣ ಕೊಡದೆ ಸಿಗುವ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್‌ನ 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಹಿಂದಿನ 1.4 ಆವೃತ್ತಿಯಲ್ಲಿ ಆ ಸೌಲಭ್ಯ ಇರಲಿಲ್ಲವಾದ್ದರಿಂದ ಅದನ್ನು ನೋಡಿ ಬೇಸತ್ತವರು ಇನ್ನೊಮ್ಮೆ ನೋಡಬಹುದು. ಇದು ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುವುದರಿಂದ ನೀವು ಮುಂದೆ ಯಾವ ಕಡೆ ಹೋದರೂ ಕೆಲಸ ನಿಲ್ಲುವುದಿಲ್ಲ.

ಉತ್ತರ 3 (ಮೈಸೂರು)

ಬೆಂಬಲವಿಲ್ಲದ ಯಂತ್ರದಲ್ಲಿ ವಿಂಡೋಸ್ 11 ನಡೆಯುವುದೇ ಇಲ್ಲವೆಂದು ಓದುಗರು ತಿಳಿಯಬಾರದೆಂದು ಇಷ್ಟು ಬರೆಯುತ್ತಿದ್ದೇನೆ. ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್ ಸಿದ್ಧಪಡಿಸುವಾಗ ಟಿಪಿಎಂ, ಸೆಕ್ಯೂರ್ ಬೂಟ್, ರ‍್ಯಾಮ್ ಈ ಮೂರರ ತಪಾಸಣೆಯನ್ನು ಬಿಟ್ಟುಬಿಡುವ ಆಯ್ಕೆ ಸಿಗುತ್ತದೆ. ನನ್ನ ಬಳಿ ಇರುವ ಆರನೆಯ ಪೀಳಿಗೆಯ ಯಂತ್ರದಲ್ಲಿ ಹಾಗೆ ಹಾಕಿದ ವಿಂಡೋಸ್ 11 ಎಸ್‌ಎಸ್‌ಡಿಯ ಮೇಲೆ ಚೆನ್ನಾಗಿಯೇ ನಡೆಯುತ್ತಿದೆ, ತಿಂಗಳ ಭದ್ರತಾ ತಿದ್ದುಪಡಿಗಳೂ ಬರುತ್ತಿವೆ. ಆದರೆ ಇಂಥ ಯಂತ್ರಗಳಿಗೆ ತಿದ್ದುಪಡಿ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ, ನಾವೇ ಇಳಿಸಿಕೊಂಡು ಹಾಕಬೇಕು. ಹೋಮ್ ಆವೃತ್ತಿಗೆ ಪ್ರತಿ ಬಿಡುಗಡೆಯ ಬೆಂಬಲ 24 ತಿಂಗಳು ಮಾತ್ರ. ಮತ್ತೊಂದು ಮಾತು, 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ4.2 ಎಂಬ ಪ್ರೊಸೆಸರ್ ಸೂಚನಾವಳಿ ಕಡ್ಡಾಯವಾದದ್ದರಿಂದ ಕೋರ್ 2 ಡ್ಯುಯೊ ಕಾಲದ ಯಂತ್ರಗಳಲ್ಲಿ ಅದು ಆರಂಭವೇ ಆಗುವುದಿಲ್ಲ. ನಿಮ್ಮದಕ್ಕೆ ಆ ತೊಂದರೆ ಇಲ್ಲ.

ಯಂತ್ರದ ಒಳಹೊರಗನ್ನು ತಿಳಿದು ಪ್ರತಿವರ್ಷ ಇಷ್ಟು ಕೆಲಸ ಮಾಡಲು ಸಿದ್ಧರಿರುವವರಿಗೆ ಇದು ಸರಿ. ಪತ್ರಿಕೆಯನ್ನು ಸಮಯಕ್ಕೆ ಹೊರತರಬೇಕಾದವರಿಗೆ ನಾನು ಇದನ್ನು ಸಲಹೆ ಮಾಡುವುದಿಲ್ಲ.

ಉತ್ತರ 4 (ಧಾರವಾಡ)

ಲಿನಕ್ಸ್ ಮಿಂಟ್ 22 ನಿಮ್ಮ ಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ. ಅದು ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, ಹಿತಕರ ಬಳಕೆಗೆ 4 ಜಿಬಿ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿರುವ ಈ ಸರಣಿಗೆ 2029ರವರೆಗೆ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. ಪೆನ್‌ಡ್ರೈವ್‌ನಿಂದಲೇ ಅದನ್ನು ಆರಂಭಿಸಿ, ಡಿಸ್ಕನ್ನು ಮುಟ್ಟದೆ, ವೈಫೈ, ಧ್ವನಿ, ಟಚ್‌ಪ್ಯಾಡ್ ಎಲ್ಲ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಬಹುದು.

ನುಡಿಯ ಕೀಲಿಮಣೆ ರೂಢಿಯಾದವರು ಅಂಜಬೇಕಾಗಿಲ್ಲ. ಬೇರೆ ಬೇರೆ ಭಾಷೆಗಳಲ್ಲಿ ಬರೆಯಲು ನೆರವಾಗುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿಕೊಂಡರೆ ಕನ್ನಡದ ವಿನ್ಯಾಸಗಳ ಪಟ್ಟಿಯಲ್ಲಿ ಕೆಜಿಪಿ ಎಂಬುದು ಕಾಣುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ. ಒತ್ತಕ್ಷರಕ್ಕೆ ಎಫ್ ಕೀಲಿಯನ್ನು ಒತ್ತುವ ಅಭ್ಯಾಸವನ್ನು ಬೆರಳುಗಳು ಬಿಡಬೇಕಾಗಿಲ್ಲ. ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಫಾಂಟುಗಳು ಒಂದೇ ಪ್ಯಾಕೇಜಿನಲ್ಲಿ ಸಿಗುತ್ತವೆ.

ನಿಜವಾದ ತೊಡಕು ಎರಡು. ಪೇಜ್‌ಮೇಕರ್ ಅಲ್ಲಿ ನೇರವಾಗಿ ನಡೆಯುವುದಿಲ್ಲ. ಇನ್ನೊಂದು ಪ್ರಿಂಟರ್: ಎಚ್‌ಪಿಯ ಬಹುತೇಕ ಮಾದರಿಗಳು ಸಲೀಸಾಗಿ ಕೆಲಸ ಮಾಡುತ್ತವೆ, ಆದರೆ ನಮ್ಮ ಕಡೆಯ ಕಚೇರಿಗಳಲ್ಲಿ ಬಹಳ ಕಾಣುವ ಕ್ಯಾನನ್ ಎಲ್‌ಬಿಪಿ2900ರಂಥವು ಕ್ಯಾಪ್ಟ್ ಎಂಬ ಪ್ರತ್ಯೇಕ ವಿಧಾನ ಬಳಸುವುದರಿಂದ ಲಿನಕ್ಸ್‌ನಲ್ಲಿ ಅವುಗಳನ್ನು ಹೊಂದಿಸಲು ಶ್ರಮ ಬೇಕು. ಸಂಘದ ಪ್ರಿಂಟರ್ ಯಾವುದೆಂದು ನೋಡಿಕೊಂಡು ನಿರ್ಧರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಎಸ್‌ಯುಗೆ ನೋಂದಾಯಿಸಿಕೊಂಡಿದ್ದೇನೆ, ಹಣವೇನೂ ಕೇಳಲಿಲ್ಲ. ಪ್ರಿಂಟರ್ ಎಚ್‌ಪಿಯದು. ಡಿಸ್ಕ್ ಬದಲಿಸಲು ಸಂಘದವರು ಒಪ್ಪಿದ್ದಾರೆ. ಇನ್ನೊಂದೇ ಸಂದೇಹ: ಅಕ್ಟೋಬರ್ ಒಳಗೆ ಎಲ್ಲ ಸಂಚಿಕೆಗಳ ಪರಿವರ್ತನೆ ಮುಗಿಯುವುದು ಕಷ್ಟ. ಪೇಜ್‌ಮೇಕರ್ ಬೇಕಾಗಿರುವವರೆಗೆ ವಿಂಡೋಸ್ 10ನ್ನೂ ಉಳಿಸಿಕೊಂಡು, ಜೊತೆಗೆ ಮಿಂಟನ್ನು ಬಳಸಲು ಸಾಧ್ಯವೇ?

ಉತ್ತರ 1ನ್ನು ಬರೆದವರು

ಸಾಧ್ಯ, ಅದೇ ಒಳ್ಳೆಯದು. 500 ಜಿಬಿ ಎಸ್‌ಎಸ್‌ಡಿ ತೆಗೆದುಕೊಂಡು ಮೊದಲು ಅದರ ಅರ್ಧದಲ್ಲಿ ವಿಂಡೋಸ್ 10ನ್ನು ಹೊಸದಾಗಿ ಹಾಕಿ, ಅದೇ ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದು ಇಎಸ್‌ಯು ನೋಂದಣಿ ಉಳಿದಿದೆಯೇ ಎಂದು ನೋಡಿ, ನಂತರ ಪೇಜ್‌ಮೇಕರ್ ಮತ್ತು ನುಡಿಯನ್ನು ಸ್ಥಾಪಿಸಿ. ಹಳೆಯ ವರ್ಡ್ ಕಡತಗಳಲ್ಲಿ ತುಂಗಾ ಫಾಂಟ್ ಬಳಸಿದ್ದರೆ, ಆಪ್ಷನಲ್ ಫೀಚರ್ಸ್ ಪಟ್ಟಿಯಿಂದ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಳ್ಳಬೇಕಾಗಬಹುದು. ಅದು ಮುಗಿದ ಮೇಲೆ ಉಳಿದ ಜಾಗದಲ್ಲಿ ಮಿಂಟ್ ಹಾಕಿ. ಯಂತ್ರ ಆರಂಭವಾಗುವಾಗ ಯಾವುದು ಬೇಕೆಂದು ಅದು ಕೇಳುತ್ತದೆ. ಇದೇ ಕ್ರಮದಲ್ಲಿ ಮಾಡುವುದು ಮುಖ್ಯ, ಏಕೆಂದರೆ ವಿಂಡೋಸ್ ನಂತರ ಬಂದರೆ ಮಿಂಟ್‌ನ ಆ ಆಯ್ಕೆಪಟ್ಟಿ ಕಾಣದಂತಾಗಬಹುದು.

ಮಿಂಚಂಚೆ, ಬ್ಯಾಂಕಿನ ಕೆಲಸ, ಜಾಲತಾಣಗಳ ಓಡಾಟವನ್ನೆಲ್ಲ ಈಗಿನಿಂದಲೇ ಮಿಂಟ್‌ಗೆ ಸಾಗಿಸಿ. ಅಕ್ಟೋಬರ್ 13 ಕಳೆದ ಮೇಲೆ ವಿಂಡೋಸ್‌ಗೆ ಹೋಗುವಾಗ ವೈಫೈ ಆಫ್ ಇರಲಿ, ಹೊರಗಿನ ಪೆನ್‌ಡ್ರೈವ್‌ಗಳನ್ನೂ ಅಲ್ಲಿ ತೆರೆಯಬೇಡಿ. ತೆಗೆದ ಹಳೆಯ ಹಾರ್ಡ್ ಡಿಸ್ಕನ್ನು ಅಳಿಸದೆ, ಯುಎಸ್‌ಬಿ ಕೇಸಿನಲ್ಲಿ ಹಾಕಿ, ಸಂಚಿಕೆಗಳನ್ನೆಲ್ಲ ಅದರಿಂದ ನಕಲು ಮಾಡಿಕೊಳ್ಳಿ. ಕೊನೆಯ ಸಂಚಿಕೆಯ ಕರಡು ತಿದ್ದಿ ಮುಗಿಯುವವರೆಗೆ ಆ ಡಿಸ್ಕಿನಲ್ಲಿ ಏನನ್ನೂ ಬರೆಯಬೇಡಿ, ಯಾರಿಗೂ ಕೊಡಬೇಡಿ.